ಅಣ್ಣನ ಕಾರ್ಡು ಮೌಂಟ್ ಆಗದ ಆದಿತ್ಯವಾರಗಳು

ನಮ್ಮ ಕಡೆಯ ಗಂಡಸರಿಗೆ ಸಮುದ್ರದ ಹೆದರಿಕೆ ಇಲ್ಲ, ಗಾಳಿಯ ಹೆದರಿಕೆಯೂ ಇಲ್ಲ. ಅವರಿಗೆ ಹೆದರಿಕೆ ಒಂದೇ, ತಮಗೆ ಗೊತ್ತಿರುವುದು ಎಲ್ಲಿ ಇನ್ನೊಬ್ಬರಿಗೆ ಗೊತ್ತಾಗಿಬಿಡುತ್ತದೋ ಎಂದು. ಈ ವಿಷಯದಲ್ಲಿ ನನ್ನ ಅಣ್ಣನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಜುಲೈ ತಿಂಗಳ ಒಂದು ಆದಿತ್ಯವಾರ ಬೆಳಿಗ್ಗೆ ಗಂಗೊಳ್ಳಿಯಿಂದ ಎರಡು ಬಸ್ಸು ಬದಲಿಸಿ ಕೋಟೇಶ್ವರದ ನಮ್ಮ ಮನೆಗೆ ಬಂದವನು ಚಾ ಬೇಡ ಎಂದ, ಕೂರು ಎಂದರೆ ಕೂರಲಿಲ್ಲ, ಮೊದಲು ಹೋಗಿ ಎದುರಿನ ಬಾಗಿಲು ಹಾಕಿದ. ಆಮೇಲೆ ಅಂಗಿಯ ಒಳಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಅದರೊಳಗೆ ಇನ್ನೊಂದು ಕವರು, ಅದರೊಳಗೆ ತಲೆನೋವಿನ ಮುಲಾಮಿನ ಹಳೆಯ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯ ಮೇಲೆ ಒಂದು ಮೆಮೊರಿ ಕಾರ್ಡು. ಅತ್ತಿಗೆಯ ಕರಿಮಣಿಯನ್ನೂ ಅವನು ಅಷ್ಟು ಜೋಪಾನವಾಗಿ ತಂದಿರಲಿಕ್ಕಿಲ್ಲ.

"ಮನೆಗೆ ಯಾರ್ಯಾರ್ ಇದ್ರ್?" ಎಂದು ಪಿಸುಗುಟ್ಟಿದ.

"ನಾನೊಬ್ಳೇ. ಇವ್ರ್ ಪ್ಯಾಟಿಗೆ ಹೋಯಿದ್ರ್. ಎಂತಾ, ಕದ್ಕಂಡ್ ಬಂದ್ಯಾ?"

ಅವನು ನಗಲಿಲ್ಲ. "ಕಲ್ಲ್ ಎಲ್ಲಾ ಇದ್ರಗೇ ಇತ್ತ್" ಎಂದ. "ಹಳೇ ಮಿಷನ್ ಸತ್ತ್ ಹೋಯ್ತ್. ಹೊಸ ಮಿಷನ್‌ಗೆ ಹಾಕ್ರೆ ಎಂತದೂ ಕಾಂತಿಲ್ಲೆ."

ಕಲ್ಲು ಎಂದರೆ ಸಮುದ್ರದ ತಳದಲ್ಲಿರುವ ಬಂಡೆ. ಅದರ ಸುತ್ತ ಮೀನು ಸೇರುತ್ತದೆ. ಬಲೆ ಅದರ ಪಕ್ಕಕ್ಕೆ ಬಿದ್ದರೆ ದೋಣಿ ತುಂಬುತ್ತದೆ, ಅದರ ಮೇಲೆಯೇ ಬಿದ್ದರೆ ಬಲೆ ಹರಿದು ಚಿಂದಿಯಾಗುತ್ತದೆ. ಅಪ್ಪಯ್ಯ ಇಂಥ ಎಷ್ಟೋ ಕಲ್ಲುಗಳನ್ನು ಬರೀ ದಡ ನೋಡಿಯೇ ಹುಡುಕುತ್ತಿದ್ದರು. ಮೂಡಿಗೆ ಯಾವ ಗುಡ್ಡ ಯಾವುದರ ಮೇಲೆ ಬಂತು, ತೆಂಕಿಗೆ ಯಾವ ಮರ ಯಾವುದರ ಹಿಂದೆ ಸರಿಯಿತು ಎಂದು ಎರಡು ಗುರುತು ಕೂಡಿಸಿದರೆ ಕೆಳಗೆ ಕಲ್ಲು ಇದ್ದೇ ಇರುತ್ತಿತ್ತು. ಅಣ್ಣನ ಕಾಲಕ್ಕೆ ದೋಣಿಗೆ ಜಿಪಿಎಸ್ ಬಂತು. ಅವನು ಅಪ್ಪಯ್ಯನ ಗುರುತು ಹಿಡಿದು ಒಂದೊಂದೇ ಕಲ್ಲಿಗೆ ಹೋಗಿ, ಅಲ್ಲಿ ಗುಂಡಿ ಒತ್ತಿ, ಎಲ್ಲವನ್ನೂ ಕಾರ್ಡಿಗೆ ಸೇರಿಸಿದ. ಆಮೇಲೆ ತಲೆಯೆತ್ತಿ ದಡ ನೋಡುವ ಕೆಲಸವೇ ಉಳಿಯಲಿಲ್ಲ. ಈಗ ಆ ಯಂತ್ರ ಮಳೆಗಾಲದ ತೇವಕ್ಕೆ ಹಾಳಾಗಿ, ಅಪ್ಪಯ್ಯನ ಅಷ್ಟೂ ಕಲ್ಲು ಉಗುರಗಲದ ಆ ಕಾರ್ಡಿನಲ್ಲಿ ಮಾತ್ರ ಇತ್ತು. ಆಗಸ್ಟ್ ಮೊದಲಿಗೆ ದೋಣಿಗಳು ಸಮುದ್ರಕ್ಕೆ ಇಳಿಯುತ್ತವೆ. ಅಷ್ಟರೊಳಗೆ ಕಾರ್ಡು ಬಾಯಿ ಬಿಡದಿದ್ದರೆ ಅಣ್ಣ ಕಣ್ಣು ಕಟ್ಟಿಕೊಂಡು ಬಲೆ ಬಿಡಬೇಕಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕಲ್ಲಿನ ಜಾಗವನ್ನು ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳುವುದಿಲ್ಲ. ಎಲ್ಲಾ ದೋಣಿಯ ಮನೆಗಳಲ್ಲೂ ಹೀಗೇ ಎಂದು ಅಣ್ಣ ಹೇಳುತ್ತಾನೆ, ನಾನು ವಿಚಾರಿಸಲು ಹೋಗಿಲ್ಲ. ಮಗಳು ನಾಳೆ ಇನ್ನೊಂದು ದೋಣಿಯ ಮನೆಗೆ ಸೊಸೆಯಾಗಿ ಹೋಗುವವಳು. ಸೀರೆ ಒಯ್ಯಲಿ, ಚಿನ್ನ ಒಯ್ಯಲಿ, ಕಲ್ಲು ಒಯ್ಯಬಾರದು. ನಾನು ಹಾಗೆಯೇ ಹೋದೆ. ನನ್ನ ಗಂಡ ದೋಣಿ ಹತ್ತಿದವರಲ್ಲ, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರು. ಆದರೆ ಅವರ ಅಣ್ಣ, ನನ್ನ ಭಾವ, ಅದೇ ಗಂಗೊಳ್ಳಿ ಬಂದರಿನಿಂದ ದೋಣಿ ಬಿಡುವವರು. ಅಷ್ಟು ಸಾಕಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಎದುರು ಅಣ್ಣ ಮೀನಿನ ಬಗ್ಗೆ ಮಾತಾಡಿದ್ದು ಅದು ಬಟ್ಟಲಿಗೆ ಬಂದ ಮೇಲೆ ಮಾತ್ರ.

ಹಾಗಾದರೆ ಕಾರ್ಡನ್ನು ನನ್ನ ಹತ್ತಿರ ಯಾಕೆ ತಂದ? ಅಂಗಡಿಗೆ ಕೊಟ್ಟರೆ ಅಂಗಡಿಯವನು ಕಾಪಿ ತೆಗೆದು ಇಡೀ ಬಂದರಿಗೆ ಹಂಚುತ್ತಾನೆ ಎಂಬ ಭಯ. ಬೈಂದೂರಿನಲ್ಲಿ ಅತ್ತಿಗೆಯ ತಮ್ಮನಿಗೆ ಇದೆಲ್ಲ ಗೊತ್ತು, ಆದರೆ ಅವನಿಗೂ ದೋಣಿ ಇದೆ. ಎಲ್ಲರನ್ನೂ ಕಳೆದು ಕಳೆದು ಕೊನೆಗೆ ಉಳಿದವಳು ನಾನು. ಅವನಿಗೆ ನನ್ನ ಮೇಲೆ ಇದ್ದದ್ದು ನಂಬಿಕೆಯಲ್ಲ, ಉಳಿದವರಿಗಿಂತ ಸ್ವಲ್ಪ ಕಮ್ಮಿ ಅಪನಂಬಿಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರೆಲ್ಲ ಬೇರೆ ಮದ್ದು ಮುಗಿದ ಮೇಲೆ ಹಿತ್ತಲಿಗೇ ಬರುತ್ತಾರೆ.

ನಾನು ತಲ್ಲೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಿಜ್ಞಾನದವಳು ಎಂಬ ಒಂದೇ ಕಾರಣಕ್ಕೆ ಕಂಪ್ಯೂಟರ್ ಕೋಣೆಯ ಬೀಗವೂ ನನ್ನ ಕೈಗೇ ಬಂದಿದೆ. ಅಲ್ಲಿರುವುದೆಲ್ಲ ಲಿನಕ್ಸ್. ಕೊಕ್ಕರ್ಣೆಯಿಂದ ಬರುವ ನಮ್ಮ ಗಣಿತದ ಮೇಷ್ಟ್ರು ನನ್ನ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಟ್ಟಿದ್ದರು. ಮೀನು ಬಿಟ್ಟವರು ಮೀನು ತಿನ್ನುವವರ ಎದುರು ಮಾತಾಡುವ ಹಾಗೆ ಅವರು ಲಿನಕ್ಸಿನ ಬಗ್ಗೆ ಮಾತಾಡುತ್ತಾರೆ. ವೈರಸ್ ಇಲ್ಲ, ನಿಧಾನ ಇಲ್ಲ, ಯಾರ ಹಂಗೂ ಇಲ್ಲ. ಕೇಳಿ ಕೇಳಿ ನನಗೂ ಒಂದಷ್ಟು ಮದ ಏರಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

"ಎರಡ್ ನಿಮಿಷ" ಎಂದೆ ಅಣ್ಣನಿಗೆ. "ಕೂಕೋ."

ಕಾರ್ಡನ್ನು ರೀಡರಿಗೆ ಹಾಕಿ, ರೀಡರನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಹೀಗೆ ಚುಚ್ಚಿದ ಕೂಡಲೇ ಡ್ರೈವ್ ತಾನಾಗಿ ಬಂದು ಪರದೆಯ ಮೇಲೆ ಕಾಣಿಸಿಕೊಳ್ಳಬೇಕು. ಅದಕ್ಕೆ ಮೌಂಟ್ ಆಗುವುದು ಎನ್ನುತ್ತಾರೆ. ಬಂದವರಿಗೆ ಬಾಗಿಲು ತೆರೆದು ಕೂರಲು ಮಣೆ ಕೊಡುವ ಕೆಲಸ ಅದು, ದೊಡ್ಡದೇನಲ್ಲ. ರೀಡರಿನ ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಪಕ್ಕದ ತೂತಿಗೆ ಹಾಕಿದೆ. ಲ್ಯಾಪ್‌ಟಾಪನ್ನೇ ಆರಿಸಿ ಹೊತ್ತಿಸಿದೆ. ಎರಡು ನಿಮಿಷ ಹೋಗಿ ಮುಕ್ಕಾಲು ಗಂಟೆ ಆಯಿತು.

"ನಿಮ್ದ್ ಎಂತದೋ ದೊಡ್ಡ್ ಸಿಸ್ಟಮ್ ಅಂಬ್ರಲೆ" ಎಂದ ಅಣ್ಣ.

ಅಂತರ್ಜಾಲದಲ್ಲಿ ಹುಡುಕಿದೆ. ಅಲ್ಲಿಯ ಉತ್ತರಗಳನ್ನು ಬರೆಯುವವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅವರನ್ನು ನಮ್ಮ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ದಿನಾ ನೋಡುತ್ತೇನೆ. ದಾರಿ ಕೇಳಿದರೆ, ನೀವು ಆ ಊರಿಗೆ ಯಾಕೆ ಹೋಗುವುದು ಎಂದು ಕೇಳುವ ಜಾತಿ. ಒಬ್ಬ, ನನ್ನದು ಸರಿಯಾಗಿಯೇ ನಡೆಯುತ್ತಿದೆ ಎಂದು ಬರೆದಿದ್ದ. ಸಂತೋಷ. ಇನ್ನೊಬ್ಬ ಈ ಪ್ರಶ್ನೆಗೆ ಆಗಲೇ ಉತ್ತರ ಇದೆ, ಹುಡುಕಿ ಎಂದಿದ್ದ. ಮತ್ತೊಬ್ಬ ಇಡೀ ಸಿಸ್ಟಮ್ ತೆಗೆದು ಬೇರೆ ಜಾತಿಯ ಲಿನಕ್ಸ್ ಹಾಕಿ ಎಂದಿದ್ದ. ಕಾಲಿಗೆ ಮುಳ್ಳು ಚುಚ್ಚಿದೆ ಎಂದರೆ ಬೇರೆ ಕಾಲು ಜೋಡಿಸಿಕೊಳ್ಳಿ ಎನ್ನುವ ವೈದ್ಯ.

ಕೊನೆಗೆ ಯಂತ್ರ ಒಳಗೊಳಗೇ ಬರೆದಿಡುವ ಲಾಗ್ ತೆರೆದು ನೋಡಿದೆ. ಅದರಲ್ಲಿ ಕಾರ್ಡು ಬಂದದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಅದಕ್ಕೆ ಎಸ್‌ಡಿಬಿ ಒಂದು ಎಂಬ ಹೆಸರೂ ಸಿಕ್ಕಿತ್ತು. ಅಂದರೆ ಕಾರ್ಡು ಸತ್ತಿಲ್ಲ, ರೀಡರು ಕೆಟ್ಟಿಲ್ಲ. ನೆಂಟರು ಅಂಗಳಕ್ಕೆ ಬಂದದ್ದನ್ನು ನೋಡಿಯೂ ಒಳಗಿನವರು ಬಾಗಿಲು ತೆಗೆಯುತ್ತಿಲ್ಲ ಅಷ್ಟೇ. ನಾನೇ ಆಜ್ಞೆ ಕೊಟ್ಟು ಮೌಂಟ್ ಮಾಡಲು ನೋಡಿದರೆ, ಇದು ರೂಟ್‌ಗೆ ಮಾತ್ರ ಸಾಧ್ಯ ಎಂಬ ಉತ್ತರ ಬಂತು. ರೂಟ್ ಎಂದರೆ ಆ ಯಂತ್ರದ ಯಜಮಾನ. ಯಜಮಾನನ ಪಾಸ್‌ವರ್ಡನ್ನು ನಾನು ಯಾರಿಗೂ ಸಿಗಬಾರದೆಂದು ಒಂದು ಚೀಟಿಯಲ್ಲಿ ಬರೆದು, ಶಾಲೆಯ ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿಸಿ ಇಟ್ಟಿದ್ದೆ. ಶಾಲೆ ತೆರೆಯುವುದು ಸೋಮವಾರ.

ಇಷ್ಟರೊಳಗೆ ಅಣ್ಣ ಕಾರ್ಡನ್ನು ಮೂರು ಸಲ ಕಿತ್ತಿದ್ದ. ಒಮ್ಮೆ ನಾನು ಚಾ ಮಾಡಲು ಎದ್ದಾಗ, ಒಮ್ಮೆ ಅವನು ಬಚ್ಚಲಿಗೆ ಹೋಗುವಾಗ, ಒಮ್ಮೆ ಪಕ್ಕದ ಮನೆಯವರು ಒಗ್ಗರಣೆಗೆ ಕರಿಬೇವಿನ ಸೊಪ್ಪು ಕೇಳಲು ಬಂದಾಗ. ಹೇಳುವುದಿಲ್ಲ, ಕೇಳುವುದಿಲ್ಲ, ಕೈ ಹಾಕಿ ಎಳೆದು ಮುಷ್ಟಿಯೊಳಗೆ ಇಟ್ಟುಕೊಳ್ಳುವುದು.

"ಹಾಂಗ್ ಎಳೂಕಾಗ" ಎಂದೆ. "ಯಂತ್ರಕ್ಕೆ ಹೇಳಿ ತೆಗೀಕ್. ಬರೀತಾ ಇಪ್ಪತ್ತಿಗೆ ಎಳ್ದ್ರೆ ಒಳಗೆ ಇದ್ದದ್ದ್ ಹಾಳಾತ್ತ್."

"ದೋಣಿಗೆ ಎಂಟ್ ವರ್ಷದಿಂದ ಹಾಂಗೇ ಎಳ್ದದ್ದ್. ಎಂತದೂ ಆಯ್ಲಿಲ್ಲೆ."

"ದೋಣಿಗೆ ಎಂತಕ್ಕೆ ಎಳೂದ್?"

ಅವನು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. ದೋಣಿ ಬಂದರಿಗೆ ತಾಗುವ ಮೊದಲೇ, ಜಿಪಿಎಸ್ ಇನ್ನೂ ಓಡುತ್ತಿರುವಾಗಲೇ, ಕಾರ್ಡು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನಂತೆ. ಇಲ್ಲದಿದ್ದರೆ ಮೀನು ಇಳಿಸುವ ಗಡಿಬಿಡಿಯಲ್ಲಿ ಯಾರಾದರೂ ಒಳಗೆ ಬಂದು ಪರದೆಯ ಫೋಟೋ ಹೊಡೆದುಕೊಂಡರೆ? ಎಂಟು ವರ್ಷ, ಋತುವಿನ ಪ್ರತಿ ದಿನ, ಬರೆಯುತ್ತಿರುವ ಕೈಯಿಂದ ಪುಸ್ತಕ ಕಿತ್ತುಕೊಂಡ ಹಾಗೆ ಕಿತ್ತಿದ್ದಾನೆ. ಹೊಸ ಯಂತ್ರಕ್ಕೆ ಕಾರ್ಡು ಯಾಕೆ ಕಾಣಲಿಲ್ಲ ಎಂಬುದಕ್ಕೆ ನನಗೆ ಅಲ್ಲೇ ಉತ್ತರ ಸಿಕ್ಕಿತು. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟವರನ್ನು ಗಾದೆಯಲ್ಲಿ ಮಾತ್ರ ಕೇಳಿದ್ದೆ. ಅವತ್ತು ಅಂಥವನೊಬ್ಬ ಎದುರಿಗೆ ಕೂತಿದ್ದ.

"ಕಾರ್ಡ್ ಇಲ್ಲೇ ಬಿಟ್ಟ್ ಹೋಗ್. ನಾಳೆ ಪಾಸ್‌ವರ್ಡ್ ತತ್ತೆ, ಸಂಜಿಗೆ ಮಾಡಿ ಇಡ್ತೆ" ಎಂದೆ.

"ಬೇಡ. ಮುಂದಿನ್ ಆಯ್ತವಾರ ನಾನೇ ಬತ್ತೆ."

ಹತ್ತಿ, ಡಬ್ಬಿ, ಕವರು, ಕವರು, ಜೇಬು. ಹೋದ. ಅವನ ಮೇಲೆ ಬಂದ ಸಿಟ್ಟಿಗೆ ನಾನು ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಸೋಮವಾರ ಚೀಟಿ ತೆಗೆದುಕೊಂಡೆ. ಗಣಿತದ ಮೇಷ್ಟ್ರ ಹತ್ತಿರ ವಿಷಯ ಎತ್ತಿದೆ, ಕಲ್ಲಿನ ಸುದ್ದಿ ಬಿಟ್ಟು. ಅವರು ಕನ್ನಡಕ ತೆಗೆದು ಒರೆಸಿದರು. ಅದು ಅವರು ಇನ್ನೊಬ್ಬರ ಅಜ್ಞಾನವನ್ನು ಕ್ಷಮಿಸುವ ಕ್ರಮ.

"ಲಿನಕ್ಸ್ ತಪ್ಪು ಮಾಡುವುದಿಲ್ಲ ಮೇಡಂ" ಎಂದರು. "ಬಳಸುವವರು ಏನೋ ಬದಲಾಯಿಸಿರಬೇಕು. ಎಫ್‌ಎಸ್‌ಟ್ಯಾಬ್ ನೋಡಿ."

"ನಾನು ಏನೂ ಬದಲಾಯಿಸಿಲ್ಲ" ಎಂದೆ. ಖಡಾಖಂಡಿತವಾಗಿ ಹೇಳಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವಂತೆಯೇ ಹೇಳಿದೆ.

ಎಫ್‌ಎಸ್‌ಟ್ಯಾಬ್ ಎಂಬುದು ಒಂದು ಸಣ್ಣ ಕಡತ. ಯಾವ ಡ್ರೈವ್ ಬಂದರೆ ಎಲ್ಲಿ ಕೂರಿಸಬೇಕು, ಯಾರು ಮುಟ್ಟಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಮುಂದಿನ ಆದಿತ್ಯವಾರ ಅಣ್ಣ ಬಂದು ಕಾರ್ಡು ಬಿಚ್ಚುವಷ್ಟರಲ್ಲಿ ನಾನು ಪಾಸ್‌ವರ್ಡು ಹಾಕಿ ಅದನ್ನು ತೆರೆದೆ. ಕಡತದ ಕೊನೆಯಲ್ಲಿ ಒಂದು ಹೆಚ್ಚಿನ ಸಾಲು ಇತ್ತು. ಎಸ್‌ಡಿಬಿ ಒಂದು ಬಂದರೆ ತಾನಾಗಿ ಮೌಂಟ್ ಮಾಡಬೇಡ, ಯಾರಿಗೂ ತೋರಿಸಬೇಡ, ರೂಟ್ ಕೇಳಿದರೆ ಮಾತ್ರ ತೆರೆ. ಅದರ ಮೇಲೆ ಒಂದು ಟಿಪ್ಪಣಿಯೂ ಇತ್ತು: ಪ್ರಶ್ನೆಪತ್ರಿಕೆಯ ಡ್ರೈವ್, ಮನೆಯಲ್ಲಿ ಯಾರೂ ತೆರೆಯಬಾರದು.

ಬರೆದವಳು ನಾನೇ. ಮಗಳು ನನ್ನ ಶಾಲೆಯಲ್ಲೇ ಹತ್ತನೆಯ ತರಗತಿ ಓದುತ್ತಿದ್ದ ವರ್ಷ. ನಾನು ಮನೆಗೆ ತರುತ್ತಿದ್ದ ಪ್ರಶ್ನೆಪತ್ರಿಕೆಗಳನ್ನು ಅವಳು ನೋಡಿಬಿಟ್ಟರೆ ಎಂದು ಈ ಬೀಗ ಹಾಕಿ, ಹಾಕಿದ್ದನ್ನೇ ಮರೆತಿದ್ದೆ. ಪಾಪ, ಆ ಹುಡುಗಿ ಪಠ್ಯಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಹಾಕಿದ ಬೀಗವಾದರೂ ಸರಿಯಾಗಿ ಹಾಕಿದ್ದೆನೇ? ಪ್ರತಿ ಡ್ರೈವಿಗೂ ಅದರದ್ದೇ ಆದ ಒಂದು ಉದ್ದನೆಯ ನಂಬರು ಇರುತ್ತದೆ, ಅದನ್ನು ಬರೆಯಬೇಕಿತ್ತು. ನಾನು ಬರೆದದ್ದು ಬರೀ ಎಸ್‌ಡಿಬಿ ಒಂದು ಎಂದು. ಅದು ಡ್ರೈವಿನ ಹೆಸರಲ್ಲ, ಕೂರುವ ಸೀಟಿನ ಹೆಸರು. ಬಸ್ಸಿನ ಮೊದಲ ಸೀಟಿನಲ್ಲಿ ಒಮ್ಮೆ ಕಳ್ಳ ಕೂತಿದ್ದ ಎಂದು, ಆಮೇಲೆ ಆ ಸೀಟಿನಲ್ಲಿ ಕೂತವರನ್ನೆಲ್ಲ ಹಿಡಿಯಿರಿ ಎಂದು ಆಜ್ಞೆ ಮಾಡಿದಂತಾಯಿತು. ಆ ಮೇಲೆ ನನ್ನ ಲ್ಯಾಪ್‌ಟಾಪಿಗೆ ಒಂದೆರಡು ಪೆನ್ ಡ್ರೈವು ಒಗ್ಗದಾಗ, ಪೆನ್ ಡ್ರೈವೇ ಹಾಳು ಎಂದು ಬೈದು ಎಲ್ಲವನ್ನೂ ಫೋನಿನಲ್ಲೇ ಕಳಿಸಿಕೊಂಡು ಕಾಲ ಹಾಕಿದ್ದೆ. ಅಣ್ಣನ ಬುದ್ಧಿಗೆ ನಕ್ಕವಳು ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಸಾಲು ಅಳಿಸಿದೆ. ಅಣ್ಣನಿಗೆ ಏನೂ ಹೇಳಲಿಲ್ಲ. ಕಾರ್ಡು ಚುಚ್ಚಿದೆ. ಮೂರು ಎಣಿಸುವಷ್ಟರಲ್ಲಿ ಅದು ತಾನಾಗಿ ಬಂದು ಪರದೆಯ ಮೇಲೆ ಕೂತಿತು.

ಒಳಗೆ ಒಂದೇ ಕಡತ. ಅಣ್ಣ ಎದ್ದು ನಿಂತಿದ್ದ. "ಇತ್ತಾ?" ಎಂದ. "ಇತ್ತ್" ಎಂದೆ. ಅವನ ಮುಖದಲ್ಲಿ ಒಂದು ವಾರದ ಮೇಲೆ ರಕ್ತ ಕಂಡಿತು. ಅದನ್ನು ಕಂಡು ನನಗೆ ಸಂತೋಷವಾಯಿತು, ಅದರ ಜೊತೆಗೇ ಮದವೂ ಬಂತು. ಸಾಯುತ್ತಿರುವ ಕಾರ್ಡು ಸಿಕ್ಕರೆ ಮೊದಲು ಅದನ್ನು ಓದಲು ಮಾತ್ರ ತೆರೆದು, ಇಡೀ ಕಾರ್ಡಿನ ಒಂದು ನಕಲು ತೆಗೆಯಬೇಕು, ಆಮೇಲೆ ಉಳಿದದ್ದು. ಇದು ನನಗೆ ಗೊತ್ತಿತ್ತು. ಮಕ್ಕಳಿಗೆ ಹೇಳಿಯೂ ಇದ್ದೇನೆ. ಅಣ್ಣನಿಗೆ ಪಟ್ಟನೆ ಮಾಡಿ ತೋರಿಸುವ ಚಪಲಕ್ಕೆ ಅದೊಂದನ್ನೂ ಮಾಡದೆ ಕಡತವನ್ನು ನೇರ ಎಳೆದು ಲ್ಯಾಪ್‌ಟಾಪಿಗೆ ಹಾಕಿದೆ. ಎಷ್ಟು ನಕಲಾಯಿತು ಎಂದು ತೋರಿಸುವ ಹಸಿರು ಗೆರೆ ಆಮೆಯಂತೆ ತೆವಳತೊಡಗಿತು. ಕಾರ್ಡಿನ ಒಳಗೆ ಎಲ್ಲೋ ಕೆಟ್ಟಿದೆ, ಓದಲು ಒದ್ದಾಡುತ್ತಿದೆ ಎಂದು ಅರ್ಥ.

"ಇನ್ನ್ ಮುಟ್ಟ್‌ಬೇಡ" ಎಂದೆ. "ಹತ್ತ್ ನಿಮಿಷ ಆದ್ರೂ ಆಯ್ಲಿ."

ಗೆರೆ ಅರ್ಧ ದಾಟಿರಬೇಕು. ಹಿಂದಿನ ಬಾಗಿಲಿನಿಂದ ನನ್ನ ಗಂಡ ಒಳಗೆ ಬಂದರು. ಅವರ ಕೈಯಲ್ಲಿ ಒಂದು ಹೀರೇಕಾಯಿ ಇತ್ತು. ಬಳ್ಳಿಯಲ್ಲಿ ಮೊದಲ ಕಾಯಿ ಬಿಟ್ಟಿದೆ ಎಂದು ನನಗೆ ತೋರಿಸಲು ಬಂದವರು.

"ಹ್ವಾಯ್, ಭಾವ ಯಾವಾಗ್ ಬಂದ್ರಿ? ಎಂತ ಕಾಂತಿದ್ರಿ ಇಬ್ರೂ?" ಎಂದರು.

ಅಣ್ಣ ಕಾರ್ಡು ಕಿತ್ತ.

ಹಸಿರು ಗೆರೆ ಅಲ್ಲೇ ನಿಂತಿತು. ಅಣ್ಣನ ಮುಷ್ಟಿ ಜೇಬಿನಲ್ಲಿತ್ತು. ನನ್ನ ಗಂಡನಿಗೆ ಕಲ್ಲೂ ಬೇಡ, ಮಣ್ಣೂ ಬೇಡ. ಅವರಿಗೆ ದೋಣಿ ನೋಡಿದರೇ ತಲೆಸುತ್ತು. ಅವರು ಹೀರೇಕಾಯಿಯನ್ನು ಮೇಜಿನ ಮೇಲೆ ಇಟ್ಟು, ಏನೋ ತಪ್ಪಾಗಿದೆ ಎಂದು ತಿಳಿದು ಹೊರಗೆ ಹೋದರು.

ಮತ್ತೆ ಚುಚ್ಚಿದೆ. ಬರಲಿಲ್ಲ. ಲಾಗ್ ನೋಡಿದೆ. ಈ ಸಲ ಹೆಸರು, ಸೀಟು ಏನೂ ಇಲ್ಲ, ಓದಲಾಗುತ್ತಿಲ್ಲ ಎಂಬ ಒಂದೇ ಸಾಲು ಮತ್ತೆ ಮತ್ತೆ. ಅರ್ಧ ಬಂದಿದ್ದ ಕಡತ ತೆರೆದರೆ ಬರೀ ಸೊನ್ನೆಗಳ ಸಾಲು. ಅಳಿದದ್ದನ್ನು ಹುಡುಕಿ ತರುವ ಪ್ರೋಗ್ರಾಮುಗಳನ್ನು ಸಂಜೆಯವರೆಗೆ ಓಡಿಸಿದೆ. ಒಂದೂ ಕಲ್ಲು ಮೇಲೆ ಬರಲಿಲ್ಲ. ಕಾರ್ಡು ಹೇಗೂ ಸಾಯುತ್ತಿತ್ತು ಎಂದು ಗಣಿತದ ಮೇಷ್ಟ್ರು ಆಮೇಲೆ ಹೇಳಿದರು, ಇರಬಹುದು. ನನ್ನ ಲೆಕ್ಕದಲ್ಲಿ ಅದನ್ನು ಕೊಂದವರು ನಾವಿಬ್ಬರು, ಒಬ್ಬ ಅಪನಂಬಿಕೆಯಿಂದ, ಒಬ್ಬಳು ಮದದಿಂದ.

"ಹೋಯ್ತಾ?" ಎಂದ ಅಣ್ಣ.

"ಹೋಯ್ತ್" ಎಂದೆ. "ಇನ್ನ್ ಯಾರೂ ಕದೂಕಾತ್ತಿಲ್ಲೆ. ಸಮಾಧಾನ ಆಯ್ತಾ?"

ಹಾಗೆ ಹೇಳಬಾರದಿತ್ತು. ಹೇಳಿದೆ. ಅವನು ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ.

ಜುಲೈ ಮುಗಿಯಲು ನಾಲ್ಕೈದು ದಿನ ಇರುವಾಗ, ಶಾಲೆ ಮುಗಿಸಿ ಬರುವಷ್ಟರಲ್ಲಿ ಅಣ್ಣ ನಮ್ಮ ಜಗಲಿಯಲ್ಲಿ ಕೂತಿದ್ದ. ಕೈಯಲ್ಲಿ ಎರಡು ಗೆರೆಯ ಕಾಪಿ ಪುಸ್ತಕ. ವಿಷಯ ಇಷ್ಟು: ಅಪ್ಪಯ್ಯನ ಹಳೆಯ ಗುರುತುಗಳನ್ನು ನೆನಪು ಮಾಡಿ ಬರೆದುಕೊಂಡರೆ, ಅವನ್ನು ಹಿಡಿದು ಸಮುದ್ರದಲ್ಲಿ ಕಲ್ಲುಗಳನ್ನು ಮತ್ತೆ ಹುಡುಕಿ ಹೊಸ ಯಂತ್ರಕ್ಕೆ ಸೇರಿಸಬಹುದು. ಆದರೆ ಅವನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಒಂದು ಸಾಲು ಬರೆಯುವಷ್ಟರಲ್ಲಿ ಮುಂದಿನದು ಮರೆತು ಹೋಗುತ್ತದೆ. ಬರೆದುಕೊಳ್ಳಲು ಒಬ್ಬರು ಬೇಕು. ಹೆಂಡತಿ ಬರೆಯುತ್ತಾಳೆ, ಆದರೆ ಅವಳು ಇನ್ನೊಂದು ದೋಣಿಯ ಮನೆಯ ಮಗಳು. ತಂಗಿ ಬರೆಯುತ್ತಾಳೆ, ಆದರೆ ಅವಳು ಇನ್ನೊಂದು ದೋಣಿಯ ಮನೆಯ ಸೊಸೆ. ಎರಡು ರಾತ್ರಿ ನಿದ್ದೆಗೆಟ್ಟು ಇವರಿಬ್ಬರಲ್ಲಿ ಯಾರು ಕಮ್ಮಿ ಕಳ್ಳರು ಎಂದು ತೂಗಿ ನೋಡಿ ನನ್ನ ಹತ್ತಿರ ಬಂದಿದ್ದ. ಅವನು ಹೀಗೆಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

"ನೀನ್ ಬರಿ. ನಾನ್ ಹೇಳ್ತೆ" ಎಂದ. "ಬರ್ದ್ ಮೇಲೆ ಪುಸ್ತಕ ನಂಗೆ ಕೊಡ್."

ಜಗಲಿಯಲ್ಲೇ ಕೂತೆವು. ಮೊದಲಿನ ಏಳೆಂಟು ಕಲ್ಲು ಸರಾಗವಾಗಿ ಬಂತು. ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ, ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಆಮೇಲೆ ಜೋಡಿಕಲ್ಲಿಗೆ ಬಂದ.

"ತೆಂಕಿಗೆ ಲೈಟ್ ಹೌಸ್, ಗಾಳಿಮರದ ತೋಪಿನ ಹಿಂದೆ ಅರ್ಧ ಅಡಗ್ಕ್. ಮೂಡಿಗೆ ಕೊಡಚಾದ್ರಿ ತುದಿ ಮೊಬೈಲ್ ಟವರಿನ ಮೇಲೆ ಕೂರ್ಕ್."

ನನ್ನ ಕೈ ನಿಂತಿತು. "ಟವರ್ ಅಲ್ಲ" ಎಂದೆ. "ಹಂಚಿನ ಕಾರ್ಖಾನೆ ಚಿಮಣಿ."

"ಟವರೇ."

"ಟವರ್ ಬಂದದ್ದ್ ಅಪ್ಪಯ್ಯ ಸತ್ತ್ ಎಷ್ಟೋ ವರ್ಷದ್ ಮೇಲೆ. ಅಪ್ಪಯ್ಯ ಟವರ್ ಹೇಳೂದ್ ಹ್ಯಾಂಗೆ?"

ಅಣ್ಣ ಕಣ್ಣು ತೆರೆದ. ತುಟಿಯಲ್ಲೇ ಏನೋ ಲೆಕ್ಕ ಹಾಕಿದ. ಜಿಪಿಎಸ್ ಬಂದ ಮೇಲೆ ದಡ ನೋಡದವನಿಗೆ, ಎಂಟು ವರ್ಷದಲ್ಲಿ ದಡ ಅದಲುಬದಲಾಗಿ ಹೋಗಿತ್ತು. "ಹೌದ್" ಎಂದ ಸಣ್ಣಗೆ. ಆಮೇಲೆ ಮುಖ ಗಂಟು ಹಾಕಿಕೊಂಡು, "ನಿಂಗ್ ಯಾರ್ ಹೇಳ್ರ್?" ಎಂದ.

ಯಾರು ಹೇಳುತ್ತಾರೆ? ಮಧ್ಯಾಹ್ನದ ಊಟಕ್ಕೆ ಅಪ್ಪಯ್ಯ ಮತ್ತು ಅಣ್ಣ ಎದುರುಬದುರು ಕೂರುತ್ತಿದ್ದರು. ಅಪ್ಪಯ್ಯ ಒಂದು ಕಲ್ಲಿನ ಒಂದು ಗುರುತು ಹೇಳಬೇಕು, ಅಣ್ಣ ಎರಡನೆಯದನ್ನು ಹೇಳಬೇಕು. ಸರಿ ಹೇಳಿದರೆ ಬಟ್ಟಲಿಗೆ ಮೀನು, ತಪ್ಪಿದರೆ ಬರೀ ಸಾರು. ಸೌಟು ಹಿಡಿದು ನಿಂತವಳು ನಾನು. ಉತ್ತರ ಸರಿಯೋ ತಪ್ಪೋ ಎಂದು ಅಪ್ಪಯ್ಯ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನೇ ತಿಳಿದುಕೊಂಡು ಮೀನು ಹಾಕಬೇಕಿತ್ತು. ಎಷ್ಟೋ ಸಲ ತಪ್ಪಿದವನ ಅನ್ನದ ಅಡಿಗೆ ನಾನು ಬಂಗಡೆಯ ಒಂದು ತುಂಡು ಅಡಗಿಸಿ ಬಡಿಸಿದ್ದೇನೆ. ಅದನ್ನು ತಿಂದವನಿಗೆ ಒಮ್ಮೆಯೂ ಅನುಮಾನ ಬರಲಿಲ್ಲ, ಇವಳಿಗೆ ನಾನು ತಪ್ಪಿದ್ದು ಹೇಗೆ ಗೊತ್ತಾಗುತ್ತದೆ ಎಂದು.

ಇದನ್ನೆಲ್ಲ ಅವನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಸ್ವರ ಏರಿತು. "ಇಪ್ಪತ್ತೆರಡ್ ವರ್ಷ ಆಯ್ತ್ ಈ ಮನೆಗೆ ಬಂದ್" ಎಂದೆ. "ಇವ್ರ್ ಅಣ್ಣ ಖಾಲಿ ಬಲೆ ತಕಂಡ್ ಬಂದ್ ಇದೇ ಜಗಲಿಯಂಗೆ ತಲೆ ಮೇಲೆ ಕೈ ಇಟ್ಕಂಡ್ ಕೂಕಂಡದ್ದ್ ಎಷ್ಟ್ ಸಲ ಕಂಡಿದೆ ನಾನ್. ಒಂದ್ ಕಲ್ಲ್ ಹೇಳಿದ್ದ್ ಇತ್ತಾ? ಕೇಳ್ ಹೋಗ್ ಅವ್ರ್ ಹತ್ರ."

ಸಿಟ್ಟಿಗೆ ನನಗೆ ಅಳು ಬಂತು. ಅವನೆದುರು ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕ್ಷಮಿಸು ಎನ್ನುವ ಮಾತು ನಮ್ಮ ಮನೆಯ ಗಂಡಸರಿಗೆ ಗಂಟಲಿನಿಂದ ಮೇಲೆ ಬರುವುದಿಲ್ಲ, ಬರಲಿ ಎಂದು ನಾನು ಕಾಯಲೂ ಇಲ್ಲ. ಅಣ್ಣ ಮುಂದಿನ ಕಲ್ಲಿನ ತೆಂಕಿನ ಗುರುತು ಮಾತ್ರ ಹೇಳಿ ನಿಲ್ಲಿಸಿದ.

"ಮೂಡಿಗೆ?" ಎಂದೆ.

ಅವನು ನನ್ನ ಮುಖ ನೋಡಿದ. ಮರೆತಿದ್ದ. ನನಗೆ ನೆನಪಿದೆ ಎಂಬುದು ಅವನಿಗೂ ಗೊತ್ತಾಗಿತ್ತು. ನಾನೇ ಹೇಳಲಿ ಎಂದು ಕಾಯುತ್ತಿದ್ದ.

"ಬಾಯ್ ಬಿಟ್ಟ್ ಕೇಳ್" ಎಂದೆ.

ಅಣ್ಣ ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಪುಸ್ತಕವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬಗ್ಗಿ, ಸೊಟ್ಟ ಅಕ್ಷರದಲ್ಲಿ ಮೂಡು ಎಂದು ಬರೆದ.

"ಹೇಳ್ ತಂಗಿ" ಎಂದ. "ಮೆಲ್ಲ ಹೇಳ್, ನಾನ್ ಬರ್ಕಂತೆ."